ಆನೆಗೆ ಹೊಸ ಕಾಲು, ಸ್ಟಿಯರಿಂಗಿಗೆ ನಡುಕ

ಮಾರ್ಚ್ 3, ಸೋಮವಾರ

ಮೊದಲ ಪೀರಿಯಡ್ ಇಲ್ಲ. ಟೀ ಆರುತ್ತಿದೆ. ಕಿಟಕಿಯ ಪರದೆ ಎಂದಿನಂತೆ ಕೆನ್ನೆಗೆ ಬಾರಿಸುತ್ತಿದೆ. ಈ ಮನೆಯಲ್ಲಿ ನನ್ನ ಮೇಲೆ ಕೈ ಮಾಡುವುದು ಇದೊಂದೇ; ಉಳಿದಿಬ್ಬರು ಬಾಯಲ್ಲೇ ಮುಗಿಸುತ್ತಾರೆ. ಮೇಲಿನ ಸಾಲಿನ ಶಾಯಿಯನ್ನು ಈಗಷ್ಟೇ ಒರೆಸಿಕೊಂಡು ಹೋಯಿತು. ಅಮ್ಮನಿಗೆ ದೂರು ಕೊಟ್ಟೆ.

"ಕಿಟಕಿ ಮುಚ್ಕೋ."

"ಸೆಕೆ ಆಗುತ್ತಮ್ಮ."

"ಹಾಗಾದ್ರೆ ಏಟು ತಿನ್ನು."

ನ್ಯಾಯ ಸಿಕ್ಕಿತು.

ಇವತ್ತಿನ ವಿಶೇಷ — ಆನೆಗೆ ಹೊಸ ಕಾಲು ಬಂದವು. ಆನೆ ಅಂದರೆ ಹೆಂಡತಿಯ ಪಿಕಪ್ ಟ್ರಕ್ಕು. ಬೂದು ಬಣ್ಣ, ದಪ್ಪ ಮೂತಿ, ಬೆಳಿಗ್ಗೆ ಎಬ್ಬಿಸಿದರೆ ಒಂದು ನರಳಾಟ. ಹೆಸರು ನಾನೇ ಇಟ್ಟದ್ದು. ಹೆಂಡತಿಗೆ ರಾಣಿ ಅಂತ ಇಟ್ಟವನೂ ನಾನೇ. ಜೇನು ಸಾಕುವವಳನ್ನು ಇನ್ನೇನು ಅನ್ನಲಿ? ಆ ಲೆಕ್ಕಕ್ಕೆ ನಾನು ಗಂಡುನೊಣ. ಗೂಡಲ್ಲೇ ಕೂತು ತಿನ್ನುವುದು, ಆಗಾಗ ಗುಂಯ್ ಅನ್ನುವುದು. ನಾನು ಕಾಲೇಜಿನಲ್ಲಿ ಪಾಠ ಮಾಡುವುದನ್ನೂ ಅವಳು ಈ ಗುಂಯ್ ಖಾತೆಗೇ ಸೇರಿಸಿದ್ದಾಳೆ.

ದೊಡ್ಡ ಟೈರು ಯಾಕೆ ಅಂದರೆ, ಗುಡ್ಡದ ಮೇಲಿನ ಹಣ್ಣಿನ ತೋಟ. ಹೂ ಬಿಡುವ ಹೊತ್ತಿಗೆ ಈ ಸಲ ರಾಣಿಯ ಜೇನುಪೆಟ್ಟಿಗೆಗಳೇ ಬೇಕು ಅಂದಿದ್ದಾಳೆ ತೋಟದ ಯಜಮಾನಿ. ಅಂಥ ತೋಟ ಈ ಸುತ್ತಿನಲ್ಲಿ ಇನ್ನೊಂದಿಲ್ಲ. ಬಹಳ ಕಾಲದಿಂದ ರಾಣಿಯ ಕಣ್ಣು ಅದರ ಮೇಲೆ. ಆದರೆ ಕಡೆಯ ಏರು ಬರೀ ಕಲ್ಲು, ಕೊರಕಲು. ಹಳೇ ಟೈರಿನಲ್ಲಿ ಹೋದರೆ ಎರಡು ಮಾರು ಮುಂದೆ, ಮೂರು ಮಾರು ಹಿಂದೆ. ಅದಕ್ಕೇ ಈ ದಪ್ಪ ಟೈರು. 'ಆನೆಗೆ ಆನೆಕಾಲು ರೋಗ' ಅಂದೆ. ಅವಳು ನಗಲಿಲ್ಲ. ನಾನೇ ನಕ್ಕು ಮುಗಿಸಿದೆ.

ಅಮ್ಮ ಗೇಟಿನ ಹತ್ತಿರ ನಿಂತು ಟೈರನ್ನು ಮೇಲಿಂದ ಕೆಳಗೆ ನೋಡಿದಳು.

"ಮೊದಲೇ ಲಾರಿ ಥರ ಇತ್ತು. ಈಗ ಲಾರಿಗೇ ದೊಡ್ಡಣ್ಣ ಆಯ್ತು. ದಾರೀಲಿ ಹೋಗೋರು ಇವರು ಮನೆ ಖಾಲಿ ಮಾಡ್ತಿದಾರೆ ಅಂದ್ಕೋತಾರೆ."

ಟ್ರಕ್ಕು ಮನೆಗೆ ಬಂದ ದಿನವೂ ಇದೇ ಮಾತು. ಆವತ್ತಿನಿಂದ ಅಮ್ಮ ಅದರೊಳಗೆ ಕಾಲಿಟ್ಟಿಲ್ಲ. ಡಾಕ್ಟರ ಹತ್ತಿರ ಹೋಗಬೇಕಾದರೂ ಬಸ್ಸೇ. 'ಹತ್ತೋಕೆ ಎತ್ತರ' ಅನ್ನುತ್ತಾಳೆ. ಬಸ್ಸಿನ ಮೆಟ್ಟಿಲೂ ಏನು ಕಮ್ಮಿ ಇಲ್ಲ ಅಂತ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ರಾಣಿ "ಹೂಂ ಅತ್ತೆ" ಅಂದು ಒಳಗೆ ಹೋದಳು. ಇವರಿಬ್ಬರ ನಡುವೆ ಜಗಳ ಇಲ್ಲ. ಮಾತೂ ಅಷ್ಟಕ್ಕಷ್ಟೇ. ಹಾಲು ಬಂತಾ, ಗ್ಯಾಸ್ ಆಫ್ ಮಾಡಿದ್ರಾ, ಮಲಗ್ತೀನಿ…

ಮಾರ್ಚ್ 4, ಸಂಜೆ

ರಾಣಿ ಬಂದವಳೇ ಎರಡೂ ಕೈ ಮುಂದೆ ಚಾಚಿ ನಿಂತಳು.

"ಏನು, ಉಂಗುರ ಬೇಕಾ?"

"ಜೋಮು ಹಿಡಿದಿದೆ ರೀ. ಎಂಬತ್ತು ದಾಟಿದ್ರೆ ಸಾಕು, ಸ್ಟಿಯರಿಂಗು ಗಡಗಡ ನಡುಗುತ್ತೆ. ಹಿಟ್ಟಿನ ಗಿರಣಿ ಹಿಡ್ಕೊಂಡು ಕೂತ ಹಾಗಿದೆ."

"ಹೂವಿನ ಕಂಪಿಗೆ ಅಂತ ಹೊರಟವಳಿಗೆ ದಾರಿಯಲ್ಲೇ ಕಂಪನ."

"ನಿಮ್ಮ ಕ್ಲಾಸಿನ ಮಕ್ಕಳು… ಪಾಪ."

ಆಮೇಲೆ ಕೂತು ಸಣ್ಣ ದನಿಯಲ್ಲಿ ಹೇಳಿದಳು. ಕೈ ಹಾಳಾಗಲಿ, ನೊಣಗಳ ಗತಿ ಏನು? ಪೆಟ್ಟಿಗೆ ಹೀಗೆ ಒಂದೇ ಸಮ ಅದುರಿದರೆ ಒಳಗಿನ ಮೇಣದ ಎರಿ ಮುರಿದು ಜೇನೆಲ್ಲ ಸುರಿದುಹೋಗುತ್ತದೆ, ನೊಣ ರೊಚ್ಚಿಗೇಳುತ್ತವೆ. ಅಂಥ ಪೆಟ್ಟಿಗೆ ತಗೊಂಡು ಇನ್ನೊಬ್ಬರ ತೋಟಕ್ಕೆ ಹೋಗುವ ಹಾಗಿಲ್ಲ. ನಡುಕ ನಿಲ್ಲಬೇಕು. ನಿಲ್ಲದಿದ್ದರೆ ಮತ್ತೆ ಹಳೇ ಟೈರು. ಹಳೇ ಟೈರು ಅಂದರೆ ಗುಡ್ಡ ಇಲ್ಲ. ಗುಡ್ಡ ಇಲ್ಲ ಅಂದರೆ ತೋಟ ಇಲ್ಲ.

ಅಮ್ಮ ಆ ಕಡೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

ಮಾರ್ಚ್ 6, ಗುರುವಾರ

ಮಧ್ಯಾಹ್ನ ರಾಣಿಯ ಜೊತೆ ಟೈರ್ ಅಂಗಡಿಗೆ. ಮಾಲೀಕನಿಗೆ ನಾನು ಮನಸ್ಸಿನಲ್ಲೇ ಪಟ್ಟ ಕಟ್ಟಿದ್ದೇನೆ — ಚಕ್ರವರ್ತಿ. ಸುತ್ತ ಚಕ್ರಗಳ ಕೋಟೆ, ನಡುವೆ ಪ್ಲಾಸ್ಟಿಕ್ ಕುರ್ಚಿಯ ಸಿಂಹಾಸನ. ಮಾತಿನಲ್ಲೂ ಸಾಮ್ರಾಜ್ಯ.

"ಮೇಡಂ, ನಾನು ಕಿವಿಯಲ್ಲೇ ಹೇಳ್ತೀನಿ. ಟೈರ್ ಹಾಕಿದೋನು ಬ್ಯಾಲೆನ್ಸ್ ಮಾಡೇ ಇಲ್ಲ."

"ಹಾಕಿದ್ದು ನೀವೇ ಅಲ್ವಾ?" ಅಂದಳು ರಾಣಿ.

"…ನಮ್ಮ ಕೆಲಸದೋನು ಹಾಕಿದ್ದು. ನಾನು ಆವತ್ತು ಮದುವೆಗೆ ಹೋಗಿದ್ದೆ."

ಚಕ್ರ ಬಿಚ್ಚಿ ಮೆಷಿನ್ನಿಗೆ ಏರಿಸಿದ. ಅದು ಗಿರ್ರನೆ ತಿರುಗಿ ಎಲ್ಲಿ ಹಗುರ, ಎಲ್ಲಿ ಭಾರ ಅಂತ ಲೆಕ್ಕ ತೋರಿಸುತ್ತದೆ. ದೊಡ್ಡ ಟೈರು ಅಂದರೆ ಸಣ್ಣ ವ್ಯತ್ಯಾಸವೂ ದೊಡ್ಡ ರಂಪವಂತೆ. ಹಗುರ ಇದ್ದ ಕಡೆ ಸೀಸದ ಪುಟ್ಟ ಪುಟ್ಟ ಚೌಕ ತುಂಡು ಅಂಟಿಸಿದ. ಬೆನ್ನಿಗೆ ಅಂಟು ಸವರಿದ ಪಟ್ಟಿಯಿಂದ, ಚಾಕ್‌ಲೇಟ್ ಬಾರ್ ಮುರಿದ ಹಾಗೆ ಲಟಕ್ ಲಟಕ್ ಅಂತ ಮುರಿದುಕೊಳ್ಳುತ್ತಾನೆ. ಅದಕ್ಕೆ ಅವನ ಭಾಷೆಯಲ್ಲಿ 'ವೇಟು'. ಹೊರಗೆ ಕಾಣದ ಹಾಗೆ ರಿಮ್ಮಿನ ಒಳಮೈಗೆ ಅಂಟಿಸುತ್ತಾನೆ. ಸಂದಿಯಲ್ಲಿ ಬಗ್ಗಿ ನೋಡಿದರೆ ಬೂದು ಹಲ್ಲಿನ ಸಾಲು.

ಹೊರಡುವಾಗ ರಾಜಾಜ್ಞೆ: "ಗುಡ್ಡದ ಮಣ್ಣು ರಿಮ್ ಒಳಗೆ ಮೆತ್ಕೊಂಡ್ರೆ ಮತ್ತೆ ಶೇಕು ಬರುತ್ತೆ ಮೇಡಂ. ಒಳಗಡೆ ಏನೂ ಅಂಟ್ಕೊಂಡಿರಬಾರದು. ನೀಟಾಗಿ ತೊಳೀತಾ ಇರಿ."

ವಾಪಸ್ ಬರುವಾಗ ರಾಣಿ ಎಂಬತ್ತು ದಾಟಿಸಿದಳು. ತೊಂಬತ್ತು. ಒಂದು ಬೆರಳಲ್ಲಿ ಸ್ಟಿಯರಿಂಗ್ ಹಿಡಿದು ನನ್ನ ಕಡೆ ನೋಡಿ ನಕ್ಕಳು. 'ರಸ್ತೆ ನೋಡು' ಅಂದೆ. ಆದರೂ ಆ ನಗು ಚೆನ್ನಾಗಿತ್ತು. ಬರೆದಿಡುತ್ತೇನೆ, ಇನ್ನೊಮ್ಮೆ ಯಾವಾಗಲೋ.

ಊಟಕ್ಕೆ ಕೂತಾಗ ಚಕ್ರವರ್ತಿಯ ಮಾತನ್ನು ಅವನದೇ ದನಿಯಲ್ಲಿ ಹೇಳಿ ತೋರಿಸಿದಳು. "ಒಳಗಡೆ ಏನೂ ಅಂಟ್ಕೊಂಡಿರಬಾರದು!" ನಾನು ನಕ್ಕೆ. ಅಮ್ಮ ಬಡಿಸುತ್ತಿದ್ದಳು. ಸೌಟು ಒಂದು ಗಳಿಗೆ ಮೇಲೆಯೇ ನಿಂತಿತು. ಆಮೇಲೆ ನನಗೆ ಬೇಡ ಬೇಡ ಅಂದರೂ ಇನ್ನೊಂದು ಸೌಟು ಸುರಿದಳು.

ಮಾರ್ಚ್ 8, ಶನಿವಾರ

ನಿನ್ನೆ ರಾಣಿ ಗುಡ್ಡದ ದಾರಿ ನೋಡಿ ಬಂದಳು, ಬರಿ ಗಾಡಿ. ನಡುಕವೇ ಇಲ್ಲ, ಬೆಣ್ಣೆ. ಚಕ್ರದ ತುಂಬ ಕೆಂಪು ಮಣ್ಣು ಹೊತ್ತು ಬಂದಿದ್ದಳು.

ಇವತ್ತು ಬೆಳಿಗ್ಗೆ ನೋಡಿದರೆ ಚಕ್ರಗಳು ಫಳಫಳ. ಮದುವೆ ಗಂಡಿನ ಬೂಟಿನ ಹಾಗೆ. ನನಗೆ ಟೀ ತಂದುಕೊಟ್ಟ ರಾಣಿ ತಲೆ ಸವರಿದಳು. ಬೆಳಿಗ್ಗೆ ಬೆಳಿಗ್ಗೆ!

"ಯಾವಾಗ ಎದ್ರಿ? ಗೊತ್ತೇ ಆಗ್ಲಿಲ್ಲ. ಥ್ಯಾಂಕ್ಸ್ ರೀ."

ಯಾತಕ್ಕೆ ಅಂತ ಅರ್ಧ ಟೀ ಮುಗಿದ ಮೇಲೆ ಹೊಳೆಯಿತು. ಚಕ್ರ ತೊಳೆದವನು ನಾನು ಅಂದುಕೊಂಡಿದ್ದಾಳೆ. ನಾನು ತೊಳೆದಿಲ್ಲ. ಅಂಗಡಿಯವರು ಯಾರನ್ನಾದರೂ ಕಳಿಸಿದರೋ ಏನೋ… ಹೇಳೋಣ ಅಂದುಕೊಂಡೆ. ಆದರೆ ತಲೆ ಸವರಿಸಿಕೊಂಡು ಎಷ್ಟು ದಿನವಾಯಿತು. ಗಂಭೀರವಾಗಿ 'ಹೂಂ' ಅಂದೆ. ಗುಂಯ್.

ಸಂಜೆ: ನಡುಕ ವಾಪಸ್! ಮೊದಲಿನಷ್ಟೇ ಜೋರು. ರಾಣಿ ಚಪ್ಪಲಿ ಬಿಡುವ ಸದ್ದಿನಲ್ಲೇ ಗೊತ್ತಾಯಿತು.

ಮಾರ್ಚ್ 9, ಭಾನುವಾರ

ಪರದೆಯಲ್ಲಿ ಏನೋ ಬದಲಾವಣೆ. ಎಡಗಡೆ ತುದಿ ತೆಪ್ಪಗಿದೆ, ಬಲಗಡೆಯದು ಮಾತ್ರ ಬಾರಿಸುತ್ತಿದೆ. ಅರ್ಧ ಶಿಕ್ಷೆ ಮಾಫಿ. ಗಾಳಿಯ ದಿಕ್ಕು ಬದಲಾಗಿರಬೇಕು.

ಮಾರ್ಚ್ 10, ಸೋಮವಾರ

ಮತ್ತೆ ಚಕ್ರವರ್ತಿಯ ದರ್ಬಾರು. ಈ ಸಲ ಚಕ್ರ ಬಿಚ್ಚಿ ಸಂದಿಯಲ್ಲಿ ಇಣುಕಿದವನೇ ತಲೆ ಕೆರೆದುಕೊಂಡ.

"ಮೇಡಂ, ವೇಟೇ ಇಲ್ಲ!"

"ಇಲ್ಲ ಅಂದ್ರೆ?"

"ಗುಡ್ಡದ ಕಲ್ಲಲ್ಲಿ ಎಗರಿಸಿ ಎಗರಿಸಿ ಓಡಿಸಿದೀರ. ಉದುರಿ ಹೋಗಿವೆ."

"ನಾನು ಎಗರಿಸಲ್ಲ. ನಿಮ್ಮ ಅಂಟೇ ಸರಿ ಇಲ್ಲ."

"ನಮ್ಮ ಅಂಟಾ? ಸರ್, ನೀವೇ ಹೇಳಿ, ನಾನು ಅಂಟಿಸಿದ್ದು ಬಿಡುತ್ತಾ?"

ನನ್ನನ್ನು ಯಾಕೆ ಎಳೆಯುತ್ತಾನೆ. 'ನಾನಂತೂ ಅಂಟಿಸಿಕೊಂಡು ಬಹಳ ವರ್ಷವಾಯಿತು, ಇನ್ನೂ ಬಿಟ್ಟಿಲ್ಲ' ಅಂದೆ, ರಾಣಿಯನ್ನು ತೋರಿಸಿ. ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದ ರೀತಿಗೆ ಅಲ್ಲಿದ್ದ ಹಳೇ ಟ್ಯೂಬಿನೊಳಗೆ ಹೋಗಿ ಕೂರೋಣ ಅನ್ನಿಸಿತು.

ಹೊಸ ವೇಟು, ಈ ಸಲ ಬೇರೆ ಅಂಟು, ಬೆರಳು ತಾಗಿದರೆ ಬೆರಳೂ ಅಲ್ಲೇ ಅನ್ನುವಂಥದ್ದು. ಬರುವಾಗ ಮತ್ತೆ ಬೆಣ್ಣೆ. ರಾಣಿ ನಗಲಿಲ್ಲ, ಕಾದು ನೋಡುತ್ತಾಳಂತೆ. ಹಾಡು ಮಾತ್ರ ಗುನುಗಿದಳು.

ಮಾರ್ಚ್ 12, ಬುಧವಾರ, ಮಧ್ಯಾಹ್ನ

ಬೆಳಿಗ್ಗೆ ಚಕ್ರಗಳು ಮತ್ತೆ ಫಳಫಳ. ರಾಣಿ ಮತ್ತೆ ತಲೆ ಸವರಿದಳು. ಈ ಸಲ ಟೀ ಜೊತೆ ಬಿಸ್ಕತ್ತೂ ಬಂತು. ಯಾರು ತೊಳೆಯುತ್ತಿದ್ದಾರೋ, ಅವರ ಹೊಟ್ಟೆ ತಣ್ಣಗಿರಲಿ.

ಅಮ್ಮನ ಬಲಗೈ ಹೆಬ್ಬೆರಳಿಗೆ ಪಟ್ಟಿ. ಕೇಳಿದೆ.

"ತರಕಾರಿ ಹೆಚ್ಚುವಾಗ."

"ಬಲಗೈಗಾ? ಚಾಕು ಹಿಡಿಯೋದೂ ಬಲಗೈಯಲ್ಲೇ ಅಲ್ವಾ?"

"ನೀನು ಯಾವತ್ತಾದ್ರೂ ಹೆಚ್ಚಿದ್ರೆ ಗೊತ್ತಾಗ್ತಿತ್ತು."

ವಾದ ಮುಗಿಯಿತು. ಪರದೆ ಈಗ ಎರಡೂ ತುದಿ ತೆಪ್ಪಗಿದೆ. ಗಾಳಿ ಜೋರಾಗಿಯೇ ಇದೆ, ಹೊರಗಿನ ಹಗ್ಗದ ಬಟ್ಟೆಗಳೆಲ್ಲ ಕುಣಿಯುತ್ತಿವೆ. ನನ್ನ ಪರದೆ ಮಾತ್ರ ತಪಸ್ಸಿಗೆ ಕೂತ ಹಾಗೆ. ಒಂದು ಪುಟ ಪೂರ್ತಿ ಒರೆಸಿಹೋಗದೆ ಬರೆದೆ. ಮನಸ್ಸಿಗೆ ಎಷ್ಟು ನೆಮ್ಮದಿ.

ಮಾರ್ಚ್ 13, ಗುರುವಾರ

ನೆಮ್ಮದಿ ಅಂತ ಬರೆದದ್ದೇ ತಪ್ಪು.

ನಿನ್ನೆ ಸಂಜೆ ರಾಣಿ ಪ್ರಯೋಗಕ್ಕೆ ಅಂತ ಒಂದೇ ಒಂದು ಪೆಟ್ಟಿಗೆ ಹೇರಿಕೊಂಡು ಮುಖ್ಯರಸ್ತೆಗೆ ಹೋದಳು. ನಡುಕ. ಕೂಡಲೇ ನಿಧಾನ ಮಾಡಿ ವಾಪಸ್ ತಂದಳು, ಆದರೂ ಒಳಗೆ ಎರಿ ಮುರಿದಿತ್ತು. ಮುಚ್ಚಳ ಎತ್ತಿದಾಗ ಜೇನು ತಳದಲ್ಲಿ ಮಡುಗಟ್ಟಿ ನಿಂತಿದೆ, ಅದರಲ್ಲಿ ಸಿಕ್ಕಿಕೊಂಡ ನೊಣಗಳು. ಒಂದೊಂದನ್ನೇ ಕಡ್ಡಿಯಲ್ಲಿ ಎತ್ತಿ ಇಳಿಬಿಸಿಲಿಗೆ ಬಿಟ್ಟಳು. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಬಿಸಿಲಿಗೆ ಟಾರ್ಚ್ ಯಾಕೆ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ನೊಣ ನನ್ನ ಮೂಗಿಗೆ ಕಚ್ಚಿತು. ಕಚ್ಚಲಿ ಅನ್ನಿಸಿತು.

ಇವತ್ತು ಯಜಮಾನಿಯ ಫೋನು. ಸ್ಪೀಕರಿನಲ್ಲಿತ್ತು, ನಾವು ಮೂವರೂ ಕೇಳಿದೆವು.

"ಕೆಳಗಿನ ಸಾಲು ಹೂ ಬಿಟ್ಟಾಯ್ತಮ್ಮ. ಭಾನುವಾರದೊಳಗೆ ಪೆಟ್ಟಿಗೆ ಬರಬೇಕು. ಇಲ್ಲಾಂದ್ರೆ ಬೇರೆಯೋರನ್ನ ಕರೀತೀನಿ. ಬೇಜಾರು ಮಾಡ್ಕೋಬೇಡ, ಹೂವು ನನ್ನ ಮಾತು ಕೇಳಲ್ಲ."

ರಾಣಿ ಫೋನು ಇಟ್ಟು ಕೈ ನೋಡಿಕೊಂಡಳು.

"ನಾಳೆ ಒಂದು ಸಲ ತೋರಿಸ್ತೀನಿ. ಆಗ್ಲಿಲ್ಲಾಂದ್ರೆ ಹಳೇ ಟೈರ್ ಹಾಕಿಸ್ಬಿಡ್ತೀನಿ. ತೋಟ ಬೇಡ. ಸಾಕಾಯ್ತು."

ಟೈರಿಗೂ ಟಯರ್ಡ್ ಆಗುವುದಕ್ಕೂ ಏನೋ ಒಂದು ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಇದನ್ನು ನನ್ನ ಪ್ರೀತಿಯ ಲೆಕ್ಕಕ್ಕೆ ಬರೆದುಕೊಳ್ಳಬೇಕು.

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳನ್ನು ಬೇಕಿಲ್ಲದಿದ್ದರೂ ಜೋರಾಗಿ ಜೋಡಿಸಿದಳು.

ಮಾರ್ಚ್ 14, ಶುಕ್ರವಾರ

ರಜ ಹಾಕಿ ರಾಣಿಯ ಜೊತೆ ಹೋದೆ. ಹೋಗಬಾರದಿತ್ತು.

ಚಕ್ರವರ್ತಿ ಚಕ್ರ ಬಿಚ್ಚಿ, ಒಳಮೈ ನೋಡಿ, ಈ ಸಲ ತಲೆ ಕೆರೆದುಕೊಳ್ಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟ.

"ಬನ್ನಿ ಮೇಡಂ. ನೋಡಿ. ಇದು ಉದುರಿದ್ದಲ್ಲ. ಕಿತ್ತಿದ್ದು."

ಹೌದು. ವೇಟು ಇದ್ದ ಜಾಗದಲ್ಲೆಲ್ಲ ಗೀರು. ಚಾಕುವಿನಲ್ಲೋ ಚಮಚದ ತುದಿಯಲ್ಲೋ ಕೆರೆದ ಹಾಗೆ. ಅಂಟನ್ನೂ ಬಿಡದೆ ಉಜ್ಜಿ ಉಜ್ಜಿ ತೆಗೆದಿದ್ದಾರೆ. ಸೋಪಿನ ಪುಡಿ ಸಂದಿಯಲ್ಲಿ ಒಣಗಿ ಬೆಳ್ಳಗೆ ಕೂತಿದೆ.

"ಯಾರು ಚಕ್ರ ತೊಳಿಯೋದು?"

ರಾಣಿ ನನ್ನ ಕಡೆ ತಿರುಗಿದಳು. ಅವನೂ ತಿರುಗಿದ. ಕೆಲಸದವನು ಪಂಪು ನಿಲ್ಲಿಸಿ ತಿರುಗಿದ.

"…ಹೂಂ" ಅಂದೆ.

ಬೇರೆ ಏನನ್ನಲಿ? ಸವರಿಸಿಕೊಂಡ ತಲೆ ಇದೇ ತಾನೆ. ತಿಂದ ಬಿಸ್ಕತ್ತು ಹೊಟ್ಟೆಯಲ್ಲಿದೆ.

"ಸರ್, ಅದು ವೇಟು ಸರ್! ಅದನ್ನ ಕೀಳ್ತಾರಾ? ನಾನು ಅಂಟಿಸೋದು, ನೀವು ಕೀಳೋದು. ನಾನು ಅಂಟಿಸೋದು, ನೀವು ಕೀಳೋದು. ಇದೇನು ಆಟಾನಾ?"

"ಒಳಗೆ ಏನೂ ಅಂಟಿರಬಾರದು ಅಂತ ನೀವೇ…"

"ಮಣ್ಣು ಸರ್! ಮಣ್ಣು!"

ರಾಣಿ ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಬ್ಯಾಲೆನ್ಸ್ ಮಾಡಿಸಿ ಗಾಡಿ ಹೊರಡಿಸಿದಳು. ಬೆಣ್ಣೆಯಂತೆ ಓಡಿತು. ಒಳಗೆ ಕೂತ ನಾನು ಮಾತ್ರ ನಡುಗುತ್ತಿದ್ದೆ.

ಅದೇ ದಿನ, ಸಂಜೆ ಐದು

ತೊಳೆದದ್ದು ನಾನಲ್ಲ. ಹಾಗಾದರೆ ಯಾರು ಅಂತ ಕೂತು ಯೋಚಿಸಿದೆ. ಬಿಸಿಲು ಕಣ್ಣಿಗೆ ಹೊಡೆಯಿತು ಅಂತ ಪರದೆ ಎಳೆದೆ. ಅದರ ಅಂಚು ಕಿಟಕಿಯ ಕಟ್ಟೆಗೆ ತಾಗಿ 'ಟಕ್' ಅಂತು.

ಬಟ್ಟೆ ಟಕ್ ಅನ್ನುವುದಿಲ್ಲ.

ಅಂಚು ಮುಟ್ಟಿ ನೋಡಿದೆ. ಒಳಗೆ ಪುಟ್ಟ ಪುಟ್ಟ ಚೌಕಗಳು. ಎಡ ತುದಿಯಿಂದ ಬಲ ತುದಿಯವರೆಗೆ ಒಂದೊಂದಕ್ಕೂ ಬೇರೆ ಬೇರೆ ಕೋಣೆ ಮಾಡಿ, ಅಚ್ಚುಕಟ್ಟಾಗಿ, ದಾರದ ಬಣ್ಣ ಕೂಡ ಹೊಂದಿಸಿ ಹೊಲಿದಿದೆ. ಅಂಥ ಹೊಲಿಗೆ ಈ ಮನೆಯಲ್ಲಿ ಒಬ್ಬಳದೇ.

ಅಮ್ಮ.

ಹೆಬ್ಬೆರಳಿನ ಪಟ್ಟಿ. ಮೇಲೆಯೇ ನಿಂತ ಸೌಟು. ನಾವಿಬ್ಬರೂ ಏಳುವ ಮುಂಚೆ ನಲ್ಲಿಯ ಹತ್ತಿರ ನೀರಿನ ಸದ್ದು — ಅರೆನಿದ್ದೆಯಲ್ಲಿ ಕೇಳಿದ್ದೆ, ಗಿಡಕ್ಕೆ ಹಾಕುತ್ತಿದ್ದಾಳೆ ಅಂದುಕೊಂಡಿದ್ದೆ. ಒಳಗೆ ಏನೂ ಅಂಟಿರಬಾರದು ಅಂತ ಸೊಸೆ ಹೇಳಿದ್ದನ್ನು ಕೇಳಿಸಿಕೊಂಡು, ಆ ವಯಸ್ಸಿನಲ್ಲಿ ನೆಲದ ಮೇಲೆ ಕೂತು, ಚಕ್ರದ ಸಂದಿಯಲ್ಲಿ ಕೈ ತೂರಿಸಿ, ಅಂಟಿದ್ದನ್ನೆಲ್ಲ ಕಿತ್ತಿದ್ದಾಳೆ! ಎಷ್ಟು ಶ್ರದ್ಧೆಯಿಂದ ತೊಳೆದಳೋ ಅಷ್ಟು ಶ್ರದ್ಧೆಯಿಂದ ನಡುಗಿತು ಗಾಡಿ. ಕಿತ್ತದ್ದನ್ನು ಎಸೆಯಲು ಮನಸ್ಸು ಬಂದಿಲ್ಲ. ಅಮ್ಮ ಎಸೆಯುವವಳೇ ಅಲ್ಲ. ಮಗನ ಕೆನ್ನೆ ನೆನಪಾಗಿದೆ.

ಕ್ಲಾಸಿನಲ್ಲಿ ಸೀಸ ಪದ್ಯದ ಲಕ್ಷಣ ಹೇಳಿಕೊಂಡು ಬಂದವನು ನಾನು. ಸೀಸವನ್ನು ಹೀಗೆ ಪಾದ ಪಾದವಾಗಿ ಕೂರಿಸಿದ್ದನ್ನು ಇವತ್ತೇ ನೋಡಿದ್ದು.

ರಾಣಿಗೆ ಹೇಳಬಾರದು. ಹೇಳಿದರೆ ಅಮ್ಮನ ಮುಖ ಏನಾದೀತು. ಟ್ರಕ್ಕನ್ನು ಕಂಡರಾಗದವಳು ಕದ್ದು ತೊಳೆದದ್ದು, ತೊಳೆದು ಕೆಡಿಸಿದ್ದು… ಬೇಡ. ಬೈಗುಳ ನನ್ನ ಖಾತೆಗೇ ಇರಲಿ. ಅಮ್ಮನಿಗೆ ಮೆಲ್ಲಗೆ ಏನಾದರೂ ನೆಪ ಹೇಳಿ ನಿಲ್ಲಿಸಿದರಾಯಿತು. ಪ್ಲಾನ್ ರೆಡಿ.

ಮಾರ್ಚ್ 15, ಶನಿವಾರ

ಪ್ಲಾನ್ ಊಟದ ತಟ್ಟೆಯ ಮುಂದೆಯೇ ಸತ್ತಿತು.

ನಿನ್ನೆ ರಾತ್ರಿ ರಾಣಿ ಕಡೆಗೂ ಬಾಯಿ ಬಿಟ್ಟಳು. ಜೋರಿಲ್ಲ. ಅದೇ ಕಷ್ಟ.

"ಒಂದು ಮಾತು ಕೇಳ್ತೀನಿ. ಕಿತ್ತಾಗ ಕೈಗೆ ಸೀಸ ಬಂತಲ್ಲ, ಇದೇನು ಅಂತ ಒಂದು ಸಲಾನೂ ಅನ್ನಿಸ್ಲಿಲ್ವಾ ನಿಮಗೆ? ನಾನು ಗೋಳಾಡ್ತಾ ಇದ್ದೆ. ಎರಿ ಮುರೀತು. ನೀವು ಟೀ ಕುಡ್ಕೊಂಡು 'ಹೂಂ' ಅಂತಿದ್ರಿ."

ನಾನು ತಟ್ಟೆ ನೋಡಿದೆ. ಹೇಳಲು ಬೇಕಾದಷ್ಟಿತ್ತು. ಆಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ.

ಅಮ್ಮ ನೀರು ಹಾಕುತ್ತಿದ್ದವಳು ಚೊಂಬು ಕೆಳಗಿಟ್ಟಳು.

"ಏನು ಕಿತ್ತಿದ್ದು? ಯಾರು?"

"ಇವ್ರು ಅತ್ತೆ. ಚಕ್ರ ತೊಳೀವಾಗ ಒಳಗಿದ್ದ ವೇಟ್ ಎಲ್ಲಾ ಕಿತ್ತು ಹಾಕಿದಾರೆ. ಅದಿಲ್ದೆ ಗಾಡಿ ನಡುಗ್ತಿದ್ದಿದ್ದು."

"ಇವನಾ?" ಅಮ್ಮ ನನ್ನನ್ನು ನೋಡಿದಳು, ಅಂಗಡಿಯಲ್ಲಿ ಹುಳುಕು ಕಾಳು ನೋಡುವ ಹಾಗೆ. "ಇವನು ಉಂಡ ತಟ್ಟೆ ತೊಳೆಯಲ್ಲ. ಚಕ್ರ ತೊಳೀತಾನಾ?"

ರಾಣಿ ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿದಳು.

"ನಾನು ಕಣಮ್ಮ ತೊಳೆದಿದ್ದು" ಅಂದಳು ಅಮ್ಮ. "ಕೈ ಜೋಮು ಹಿಡಿಯುತ್ತೆ ಅಂದ್ಯಲ್ಲ. ಒಳಗಡೆ ಏನೂ ಅಂಟಿರಬಾರದು ಅಂತ ಅವನ್ಯಾರೋ ಹೇಳಿದ ಅಂದ್ಯಲ್ಲ. ಎಲ್ಲಾ ಕಿತ್ತೆ. ಎರಡನೇ ಸಲ ಬಿಡ್ಲೇ ಇಲ್ಲ ಪೀಡೆ, ಚಮಚದ ಹಿಂಬದೀಲಿ ಮೀಟಿ ತೆಗೆದೆ." ಪಟ್ಟಿ ಸುತ್ತಿದ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಅದು ಬೇಕಾಗಿದ್ದು ಅಂತ ನನಗೇನು ಗೊತ್ತು."

ರಾಣಿ ಎದ್ದಳು. ಅಮ್ಮನ ಹತ್ತಿರ ಹೋಗಿ ಆ ಕೈಯನ್ನು ಸೆರಗಿನಿಂದ ಹೊರಗೆ ಎಳೆದಳು. ಪಟ್ಟಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದಳು. ಮೂಗು ಸೇದಿದಳು. ಆಮೇಲೆ ನಗಲು ಶುರು ಮಾಡಿದಳು. ನಿಲ್ಲಲೇ ಇಲ್ಲ. ಅಮ್ಮನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವಳಿಗೂ ನಗು ಹತ್ತಿತು.

"ಅತ್ತೆ, ಆ ನೆಲದಲ್ಲಿ ಹೇಗೆ ಕೂತ್ರಿ? ಮಂಡಿ ನೋವು ಅಂತೀರ."

"ಕೂತಿದ್ದು ಕಷ್ಟ ಆಗ್ಲಿಲ್ಲ. ಏಳೋದು. ನಿನ್ನ ಲಾರಿ ಕನ್ನಡಿ ಹಿಡ್ಕೊಂಡು ಎದ್ದೆ. ಗಟ್ಟಿಯಾಗಿದೆ ಗಾಡಿ."

ಟ್ರಕ್ಕಿನ ಬಗ್ಗೆ ಅಮ್ಮನ ಬಾಯಿಂದ ಬಂದ ಮೊದಲ ಒಳ್ಳೆ ಮಾತು. ನಾನು ಸಾಕ್ಷಿ.

ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಹಾಗಾದ್ರೆ ಆ ಟೀ, ಬಿಸ್ಕತ್ತು?" ಅಂದಳು ರಾಣಿ.

"ನನ್ನ ಹೆಸರಲ್ಲಿ ಬಿಸ್ಕತ್ತು ಬೇರೆ ತಿಂದ್ಯಾ?" ಅಂದಳು ಅಮ್ಮ.

ಇಷ್ಟು ವರ್ಷಕ್ಕೆ ಇಬ್ಬರೂ ಒಂದೇ ಪಕ್ಷ. ವಿರೋಧ ಪಕ್ಷ ನಾನು. ಸೋಲಿನಲ್ಲಿ ಇಷ್ಟು ಸುಖ ಇರುತ್ತದೆ ಅಂತ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ನೋಡಿದೆ: ಗೇಟಿನ ಹತ್ತಿರ ಎರಡು ಮಣೆ. ಅತ್ತೆ ಒಂದರ ಮೇಲೆ, ಸೊಸೆ ಒಂದರ ಮೇಲೆ, ನಡುವೆ ಆನೆಯ ಕಾಲು. ರಾಣಿ ಉಗುರಿನ ಬಣ್ಣದ ಸೀಸೆ ತಂದು ಪ್ರತಿ ವೇಟಿನ ಮೇಲೂ ಕೆಂಪು ಚುಕ್ಕೆ ಇಡುತ್ತಿದ್ದಾಳೆ.

"ಕೆಂಪು ಇದ್ದಿದ್ದು ಮುಟ್ಟಬೇಡಿ ಅತ್ತೆ. ಮಿಕ್ಕಿದ್ದೆಲ್ಲ ನಿಮ್ಮದು."

"ಇಷ್ಟು ಸಣ್ಣ ಚುಕ್ಕೆ ನನಗೆ ಕಾಣುತ್ತಾ? ದೊಡ್ಡದಾಗಿಡು."

ದೊಡ್ಡದಾಗಿಟ್ಟಳು.

ಅಮ್ಮ ಕತ್ತರಿ ತಂದು ಪರದೆಯ ಹೊಲಿಗೆ ಬಿಚ್ಚಲು ಹೊರಟಳು, ಅಂಗಡಿಯವನದು ಅವನಿಗೆ ಸೇರಲಿ ಅಂತ. ರಾಣಿ ಚಕ್ರವರ್ತಿಗೆ ಫೋನು ಮಾಡಿ ಕೇಳಿದಳು. "ಒಂದ್ಸಲ ಕಿತ್ತಿದ್ದು ಮತ್ತೆ ಅಂಟಲ್ಲ ಮೇಡಂ, ಇಟ್ಕೊಳ್ಳಿ" ಅಂದನಂತೆ.

"ನಾನೇನು ಅಂಟಿಸಿಲ್ಲ, ಹೊಲಿದಿದೀನಿ" ಅಂದಳು ಅಮ್ಮ, ಕತ್ತರಿ ಒಳಗಿಡುತ್ತ.

ಸಂಜೆ ನೊಣಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಯಿ ಮುಚ್ಚಿ, ಹೇರಿ, ಹಗ್ಗ ಬಿಗಿದೆವು. ನಾಳೆ ಬೆಳಕು ಹರಿಯುತ್ತಲೇ ಗುಡ್ಡ. ರಾಣಿ ಅಮ್ಮನ ಮುಂದೆ ನಿಂತು ಬಾಗಿಲಿಗೆ ಹೇಳಿದ ಹಾಗೆ ಹೇಳಿದಳು: "ಮುಂದಿನ ಸೀಟು ಖಾಲಿ ಇದೆ." ಅಮ್ಮ 'ಎತ್ತರ' ಅಂದಳು. ಆದರೆ ಅರ್ಧ ದನಿಯಲ್ಲಿ.

ಮಾರ್ಚ್ 16, ಭಾನುವಾರ

ಅಮ್ಮ ಹೋದಳು!

ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಶಾಲು ಹೊದ್ದು ಗೇಟಿನಲ್ಲಿ ರೆಡಿ. ಕೈಯಲ್ಲಿ ಅಡುಗೆಮನೆಯ ಸ್ಟೂಲು. ಅದನ್ನು ಬಾಗಿಲ ಕೆಳಗಿಟ್ಟು, ಒಂದು ಕೈ ನನ್ನ ತಲೆಯ ಮೇಲೆ ಊರಿ, ಇನ್ನೊಂದು ಕೈಯನ್ನು ಒಳಗಿಂದ ರಾಣಿ ಹಿಡಿದು ಎಳೆದು… ಮೇಲೆ ಕೂತ ಮೇಲೆ ಬೀದಿಯನ್ನೆಲ್ಲ ಒಮ್ಮೆ ಕಣ್ಣಾಡಿಸಿದಳು. "ಇಲ್ಲಿಂದ ಎಲ್ಲರ ಕಾಂಪೌಂಡೂ ಕಾಣುತ್ತಲ್ಲೇ!" ಅಂದಳು. ತುಂಬಿದ ನೀರಿನ ಲೋಟ ಕೇಳಿ ಇಸ್ಕೊಂಡಳು. ನಡುಗುತ್ತಾ ಇಲ್ವಾ ಅಂತ ತಾನೇ ನೋಡುತ್ತಾಳಂತೆ. ಮೆಷಿನ್ ಮೇಲೆ ಅವಳಿಗೆ ನಂಬಿಕೆ ಇಲ್ಲ. ನನಗೆ ಜಾಗ ಇಲ್ಲ. ಉತ್ತರಪತ್ರಿಕೆಗಳ ಕಟ್ಟು ಇದೆ.

ಬೆಳಿಗ್ಗೆ ಒಂಬತ್ತು

ಗುಡ್ಡದ ಮೇಲಿಂದ ಫೋನು. ಮೊದಲು ಗುಂಯ್ ಸದ್ದು, ಆಮೇಲೆ ರಾಣಿ.

"ರೀ, ಎಲ್ಲಾ ಪೆಟ್ಟಿಗೆ ಇಳಿಸಾಯ್ತು. ಒಂದು ಎರೀನೂ ಮುರಿದಿಲ್ಲ. ಬಾಗಿಲು ತೆಗೆದ ತಕ್ಷಣ ಹೂವಿಗೆ ಹೋದವು. ಯಜಮಾನಿ ಮುಂದಿನ ವರ್ಷಕ್ಕೂ ಈಗಲೇ ಹೇಳಿದ್ರು."

ಹಿಂದಿನಿಂದ ಅಮ್ಮ: "ನೀರು ಚೆಲ್ಲಲಿಲ್ಲ ಅಂತ ಹೇಳು ಅವನಿಗೆ!"

"ಚೆಲ್ಲಲಿಲ್ಲ ಯಾಕಂದ್ರೆ ಮೊದಲನೇ ತಿರುವಲ್ಲೇ ಕುಡಿದುಬಿಟ್ರು" ಅಂದಳು ರಾಣಿ. ಇಬ್ಬರೂ ನಕ್ಕರು. ಫೋನು ಕಟ್.

ಮಧ್ಯಾಹ್ನ

ಉತ್ತರಪತ್ರಿಕೆ ಒಂದೂ ಮುಗಿದಿಲ್ಲ. ಗಾಳಿ ಜೋರಾಗಿದೆ. ಪರದೆ ಅಲುಗುತ್ತಿಲ್ಲ. ಮನೆ ತುಂಬ ಖಾಲಿ ಖಾಲಿ. ಒಂದು ಏಟು ಬಿದ್ದಿದ್ದರೂ ಜೊತೆಗೆ ಯಾರೋ ಇದ್ದ ಹಾಗಿರುತ್ತಿತ್ತು.

ಹಾರ್ನ್. ರಾಣಿಯದಲ್ಲ, ಅವಳು ಮೆತ್ತಗೆ ಎರಡು ಸಲ ತಟ್ಟುತ್ತಾಳೆ, ಅಷ್ಟೇ. ಇದು ಉದ್ದ, ಒಂದೇ ಸಮ, ಬೀದಿಯೆಲ್ಲ ಹೊರಗೆ ಬರಲಿ ಅನ್ನುವಂಥದ್ದು. ಅಮ್ಮನಿಗೆ ಹಾರ್ನ್ ಎಲ್ಲಿದೆ ಅಂತ ಯಾರು ತೋರಿಸಿದರೋ. ಗೇಟು ತೆಗೆಯಬೇಕು. ಸ್ಟೂಲು ಬೇಕು ಇಳಿಯಲು —

ಸ್ಟೂಲು ಇಲ್ಲೇ ಇದೆ. ಬಾಗಿಲ ಹತ್ತಿರ. ತಗೊಂಡು ಹೋಗಿಯೇ ಇಲ್ಲ. ಹಾಗಾದರೆ ಗುಡ್ಡದ ಮೇಲೆ ಅಮ್ಮನನ್ನು ಇಳಿಸಿದ್ದು, ಮತ್ತೆ ಹತ್ತಿಸಿದ್ದು… ಸೊಸೆ ಎತ್ತಿಕೊಂಡು —

ಮತ್ತೆ ಹಾರ್ನ್. ಬಂದೆ ಅಮ್ಮ, ಬಂ